ಹುಚ್ಚಲ್ಲ, ಕಿವಿ

1997ರ ಹಾಂಗ್‌ಕಾಂಗ್ ಸಿನಿಮಾ ‘ದ ಮ್ಯಾಡ್ ಫೀನಿಕ್ಸ್’ ನೋಡಿದವರು ಜಾಸ್ತಿ ಮಾತಾಡುವುದು ಅದರ ಕೊನೆಯ ಭಾಗದ ಬಗ್ಗೆ. ಹರಿದ ಬಟ್ಟೆಯಲ್ಲಿ ಬೀದಿ ಅಲೆಯುವ ನಾಟಕಕಾರ, ಹಾಳಾದ ಪ್ರತಿಭೆ, ಕಣ್ಣೀರು. ನಾಟಕಗಳಿಗೆ ಹಾಡು ಬರೆಯುವ ನನಗೆ ಇಷ್ಟವಾಗುವುದು ಮೊದಲರ್ಧ. ಅಲ್ಲಿ ಆತ ಕೆಲಸ ಮಾಡುತ್ತಾನೆ.

ಕಥೆ ನಿಜ ವ್ಯಕ್ತಿಯದು. ಕಾಂಗ್ ಯು-ಕಾವ್, ದಕ್ಷಿಣ ಚೀನಾದ ನಾಮ್‌ಹೊಯ್ ಕಡೆಯ ಸಿರಿವಂತರ ಮನೆಯ ಹದಿಮೂರನೇ ಮಗು. ಕಾವ್ಯನಾಮವೂ ಅದೇ, ‘ನಾಮ್‌ಹೊಯ್‌ನ ಹದಿಮೂರನೆಯವ’. ಅಪ್ಪ ಹಾವಿನ ಸೂಪಿಗೆ ಹೆಸರಾದ ಭೋಜನಪ್ರಿಯ. ಮಗ 1930ರ ದಶಕದಲ್ಲಿ ಕ್ಯಾಂಟನೀಸ್ ಒಪೆರಾದ, ಅಂದರೆ ಆ ಕಡೆಯ ಭಾಷೆಯ ಹಾಡುನಾಟಕದ, ದೊಡ್ಡ ನಟ ಸಿಟ್ ಕೋಕ್-ಸಿನ್‌ಗೆ ಬರೆದು ಹೆಸರು ಮಾಡಿದ.

ಸಿನಿಮಾದಲ್ಲಿ ಆತ ಪೆನ್ನು ಹಿಡಿಯುವುದಿಲ್ಲ. ಬಾಯಲ್ಲಿ ಹೇಳುತ್ತಾ ಹೋಗುತ್ತಾನೆ, ಬರೆದುಕೊಳ್ಳುವವರಿಗೆ ಆ ವೇಗ ಸಿಗುವುದಿಲ್ಲ. ಆಮೇಲೆ ಟಾಂಗ್ ಟಿಕ್-ಸಾಂಗ್ ಎಂಬ ಹುಡುಗ ಬಂದು ಸರಿಸಮ ಬರೆಯುತ್ತಾನೆ. ನೋಡುವವರಿಗೆ ಇದೇನೋ ಮೈಮೇಲೆ ಬಂದ ಹಾಗೆ ಕಾಣುತ್ತದೆ, ಅಲ್ವಾ? ಇದರ ಹಿಂದೆ ಪಕ್ಕಾ ಕಸುಬಿದೆ.

ಆ ರಂಗಭೂಮಿಯಲ್ಲಿ ಬಹುಪಾಲು ಹಾಡು ‘ಬೋಂಗ್‌ವೋಂಗ್’ ಎಂಬ ಸಿದ್ಧ ಧಾಟಿಗಳಲ್ಲಿ ಬರುತ್ತದೆ. ಯಾವ ಸಾಲಿಗೆ ಎಷ್ಟು ಪದ, ಎಲ್ಲಿ ನಿಲ್ಲಬೇಕು, ಜೋಡಿ ಸಾಲಿನಲ್ಲಿ ಮೊದಲನೆಯದು ಯಾವ ಬಗೆಯ ದನಿಯಲ್ಲಿ ಮುಗಿಯಬೇಕು, ಎರಡನೆಯದು ಯಾವುದರಲ್ಲಿ, ಎಲ್ಲವೂ ಮೊದಲೇ ಗೊತ್ತು. ಧಾಟಿ ಆರಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಕಷ್ಟ ಇರುವುದು ಭಾಷೆಯಲ್ಲಿ. ಕ್ಯಾಂಟನೀಸಿನಲ್ಲಿ ‘ಸಿ’ ಎಂಬ ಒಂದೇ ಉಚ್ಚಾರ ದನಿ ಏರಿದರೆ ಒಂದು, ಇಳಿದರೆ ಇನ್ನೊಂದು: ಕವಿತೆ, ಇತಿಹಾಸ, ಕಾಲ, ಸಂತೆ. ನಾವು ಟ್ಯೂನಿಗೆ ಪದ ಕೂರಿಸುವಾಗ ಹ್ರಸ್ವವನ್ನು ಎಳೆದು ದೀರ್ಘ ಮಾಡಿದರೂ ಕೇಳುವವರು ಸುಮ್ನೆ ಬಿಡುತ್ತಾರೆ. ಅಲ್ಲಿ ತಗ್ಗು ದನಿಯ ಪದಕ್ಕೆ ಮೇಲಿನ ಸ್ವರ ಬಿದ್ದರೆ ಬೇರೆ ಪದವೇ ಕೇಳಿಸಬಹುದು. ಬೋಂಗ್‌ವೋಂಗ್‌ನಲ್ಲಿ ಗಾಯಕ ಪದದ ಏರಿಳಿತಕ್ಕೆ ಧಾಟಿಯನ್ನು ಬಗ್ಗಿಸಿಕೊಳ್ಳುತ್ತಾನೆ. ‘ಸಿಯು ಕುಕ್’ ಎಂಬ ಚಿಕ್ಕ ಹಾಡುಗಳಲ್ಲಿ ಹಾಗಾಗದು. ಟ್ಯೂನ್ ಗಟ್ಟಿ, ಪದವೇ ಬಗ್ಗಬೇಕು. ಈ ಎರಡೂ ಲೆಕ್ಕ ತಲೆಯಲ್ಲಿಟ್ಟುಕೊಂಡು, ಪಾತ್ರದ ಅಳಲನ್ನೂ ಬಿಡದೆ, ನಿಲ್ಲದೆ ಹೇಳಬೇಕು. ಟಾಂಗ್ ಕೈ ಚುರುಕಾಗಿತ್ತು ಅನ್ನುವುದಕ್ಕಿಂತ, ಮುಂದೆ ಎಂಥ ಪದ ಬರಬಹುದು ಎಂಬುದು ಅವನ ಕಿವಿಗೆ ಮೊದಲೇ ಗೊತ್ತಿತ್ತು ಅನ್ನಬೇಕು. 1957ರಲ್ಲಿ ಆತ ಬರೆದ ರಾಜಕುಮಾರಿ ಚಾಂಗ್‌ಪಿಂಗ್ ನಾಟಕವನ್ನು ಇಂದಿಗೂ ಆಡುತ್ತಾರೆ. 1959ರಲ್ಲಿ ತನ್ನ ಕೊನೆಯ ನಾಟಕದ ಮೊದಲ ಪ್ರದರ್ಶನ ನೋಡುತ್ತಾ ಲೀ ಥಿಯೇಟರಿನಲ್ಲೇ ಕುಸಿದ. ಆಗ ವಯಸ್ಸು 42.

ಸಿನಿಮಾದ ಪ್ರೇಮದ ಕಥೆ ನನಗೆ ಉದ್ದವಾಯಿತು. ಕಾಂಗ್ ರೈಲಿನಿಂದ ಬಿದ್ದದ್ದು, ತಲೆ ಕೆಟ್ಟದ್ದು, ಯಾರಿಗೂ ಬಾಗದ ಹಟ ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಪ್ರತಿಭೆ ಇದ್ದವನಿಗೆ ಹುಚ್ಚು ಹಿಡಿಯುವುದು ಸಹಜ ಎಂಬ ಭಾವನೆಯನ್ನೂ ಅದು ಬಿಟ್ಟುಹೋಗುತ್ತದೆ. ಇದಕ್ಕೆ ನನ್ನ ತಕರಾರಿದೆ. ಹೆಸರು ತಂದ ನಾಟಕಗಳನ್ನು ಆತ ಬರೆದದ್ದು ಆರೋಗ್ಯವಾಗಿದ್ದಾಗ. 1960ರ ದಶಕದಲ್ಲಿ ಮತ್ತೆ ಪತ್ರಿಕೆಗೆ ಅಂಕಣವನ್ನೂ ಬರೆದ. ಕಾಯಿಲೆ ಬರವಣಿಗೆಯನ್ನು ಕಿತ್ತುಕೊಂಡಿತೇ ಹೊರತು ಕೊಡಲಿಲ್ಲ.

ನಾಯಕನಾದ ತ್ಸೆ ಕ್ವಾನ್-ಹೊ ಇದೇ ಪಾತ್ರವನ್ನು ಮೊದಲು ರಂಗದ ಮೇಲೆ ಆಡಿದ್ದವರು. ಸಿನಿಮಾಕ್ಕೆ ತೈವಾನಿನ ಗೋಲ್ಡನ್ ಹಾರ್ಸ್ ಪ್ರಶಸ್ತಿಯೂ ಸಿಕ್ಕಿತು. ಆತ ಪದ ಹೇಳಿ ಬರೆಸುವ ದೃಶ್ಯವನ್ನು ಒಮ್ಮೆ ಸಬ್‌ಟೈಟಲ್ ಮುಚ್ಚಿ ಕೇಳಿ. ಅರ್ಥವಾಗದಿದ್ದರೂ ದನಿ ಏರುವುದು, ಇಳಿಯುವುದು ಕಿವಿಗೆ ಸಿಗುತ್ತದೆ.