ಬೆಲ್ಲದ ಮೇಲಿನ ಸಾವಯವ ಮುದ್ರೆಯನ್ನು ಎಷ್ಟು ನಂಬಬಹುದು?

ಮಂಡ್ಯದ ಅಂಗಡಿಯಲ್ಲಿ ‘ಸಾವಯವ’ ಎಂದು ಅಚ್ಚಾದ ಬೆಲ್ಲದ ಪೊಟ್ಟಣ ಕೊಂಡರೆ ಅದರ ಮೇಲೆ ‘ಜೈವಿಕ್ ಭಾರತ್’ ಗುರುತು ಇರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಿಂದ ಬಂದ ಗುರುತು ಇದು. ಅದನ್ನು ಪಡೆಯಲು ದಾರಿ ಎರಡು. ಒಂದು, ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ ಅಪೇಡಾ ನಡೆಸುವ ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇಲ್ಲಿ ಹೊರಗಿನ ಸಂಸ್ಥೆ ಶುಲ್ಕ ಪಡೆದು ಪ್ರಮಾಣಪತ್ರ ಕೊಡುತ್ತದೆ. ಇನ್ನೊಂದು ಪಿಜಿಎಸ್, ಅಂದರೆ ಸಹಭಾಗಿ ಖಾತರಿ ವ್ಯವಸ್ಥೆ. ಇಲ್ಲಿ ಕನಿಷ್ಠ ಐದು ರೈತರ ಗುಂಪು ಒಬ್ಬರ ಜಮೀನನ್ನು ಇನ್ನೊಬ್ಬರು ನೋಡಿ ಖಾತರಿಪಡಿಸುತ್ತದೆ.

ನಿಯಮಗಳೇನೋ ಬಿಗಿಯಾಗಿಯೇ ಇವೆ. ಎನ್‌ಪಿಒಪಿಯಲ್ಲಿ ಭತ್ತದಂಥ ವಾರ್ಷಿಕ ಬೆಳೆಗೆ ಬಿತ್ತನೆಗೆ ಮೊದಲು ಎರಡು ವರ್ಷ, ತೆಂಗಿನಂಥ ಬಹುವಾರ್ಷಿಕಕ್ಕೆ ಕೊಯ್ಲಿಗೆ ಮೊದಲು ಮೂರು ವರ್ಷ ರಾಸಾಯನಿಕ ಮುಟ್ಟಿರಬಾರದು. ಕೀಟನಾಶಕದ ಉಳಿಕೆ ಸಾಮಾನ್ಯ ಆಹಾರದ ಮಿತಿಯ ಶೇ 5ರೊಳಗೆ, ಇಲ್ಲವೇ ಯಂತ್ರ ಅಳೆಯಬಲ್ಲ ಕನಿಷ್ಠ ಪ್ರಮಾಣದೊಳಗೆ, ಯಾವುದು ಹೆಚ್ಚೋ ಅಷ್ಟಕ್ಕೆ ನಿಲ್ಲಬೇಕು. ಸಡಿಲವಿರುವುದು ತಪಾಸಣೆಯಲ್ಲಿ. ಎನ್‌ಪಿಒಪಿಯಲ್ಲಿ ಗುಂಪಾಗಿ ಪ್ರಮಾಣಪತ್ರ ಪಡೆಯುವ ರೈತರ ಎಲ್ಲ ಜಮೀನನ್ನು ಗುಂಪಿನ ಒಳಗಿನವರೇ ನೋಡುತ್ತಾರೆ. ಹೊರಗಿನ ತಪಾಸಕರು ಸಾಮಾನ್ಯವಾಗಿ ಸದಸ್ಯರ ಸಂಖ್ಯೆಯ ವರ್ಗಮೂಲದ ಆಸುಪಾಸಿನಷ್ಟು ಜಮೀನಿಗೆ ಮಾತ್ರ ಹೋಗುತ್ತಾರೆ. 400 ರೈತರಿದ್ದರೆ ಸುಮಾರು 20. ಜೊತೆಗೆ, ತಪಾಸಣೆ ಮಾಡುವವರಿಗೆ ದುಡ್ಡು ಕೊಡುವವರು ತಪಾಸಣೆಗೆ ಒಳಗಾಗುವವರೇ. ಈ ಏರ್ಪಾಡನ್ನು ಒಪ್ಪಿಕೊಳ್ಳುತ್ತಿದ್ದ ಅಮೆರಿಕ 2021ರ ಜನವರಿಯಲ್ಲಿ ಆ ಮಾನ್ಯತೆ ಕೊನೆಗೊಳಿಸುವುದಾಗಿ ಹೇಳಿತು.

ಪ್ರಯೋಗಾಲಯಕ್ಕೆ ಕಳಿಸಿದರೆ ಸತ್ಯ ಹೊರಬೀಳುವುದಿಲ್ಲವೇ? ಅರ್ಧ ಮಾತ್ರ. ಕಬ್ಬಿಗೆ ಹೊಡೆದ ಅಟ್ರಜಿನ್ ಎಂಬ ಕಳೆನಾಶಕ ಸಿಕ್ಕಬಹುದು, ಯೂರಿಯಾ ಸಿಗದು. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ, ಆಮೇಲೆ ನೈಟ್ರೇಟ್ ಆಗುತ್ತದೆ. ಕೊಟ್ಟಿಗೆ ಗೊಬ್ಬರವೂ ಕೊನೆಗೆ ಅದೇ ಆಗುತ್ತದೆ. ಬೇರಿಗೆ ಎರಡೂ ಒಂದೇ. ಸಾರಜನಕ-15 ಐಸೋಟೋಪಿನ (ಸಾರಜನಕದ ತುಸು ಭಾರವಾದ ರೂಪ) ಪಾಲು ಅಳೆದು ಸುಳಿವು ಹುಡುಕಬಹುದು: ಸಗಣಿ ಗೊಬ್ಬರದಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ಯೂರಿಯಾದಲ್ಲಿ ಗಾಳಿಯಲ್ಲಿರುವಷ್ಟೇ. ಆದರೆ ಡಯಂಚ, ಸೆಣಬು ಬೆಳೆದು ಮಣ್ಣಿಗೆ ಸೇರಿಸಿದ ಪ್ರಾಮಾಣಿಕ ರೈತನ ಕಬ್ಬೂ ಯೂರಿಯಾ ಹಾಕಿದ್ದರಂತೆಯೇ ಕಾಣುತ್ತದೆ, ಏಕೆಂದರೆ ಅವು ಗಾಳಿಯ ಸಾರಜನಕವನ್ನೇ ಹಿಡಿದಿಡುತ್ತವೆ. ಹಾಗಾಗಿ ಗೊಬ್ಬರದ ವಿಷಯದಲ್ಲಿ ಕೊಂಡ ರಸೀದಿ ಮತ್ತು ಜಮೀನಿನ ದಿನಚರಿಯೇ ಸಾಕ್ಷಿ.

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಹರಿಯುತ್ತದೆ, ಮೇಲಿನವರು ಹಾಕಿದ ಕಳೆನಾಶಕವೂ ಅದರ ಜೊತೆ. ಬದು ಎತ್ತರಿಸಿ, ನಾಲೆಯಿಂದ ಬೇರೆ ಕಾಲುವೆ ತಂದು, ಅಂಚಿನ ಸಾಲುಗಳನ್ನು ಬೇರೆಯೇ ಕೊಯ್ದು ಮಾಮೂಲಿ ಮಾಲಾಗಿ ಮಾರಬೇಕು. ಒಂದೆಕರೆ ಇದ್ದವರಿಗೆ ಇದು ಸಣ್ಣ ನಷ್ಟವಲ್ಲ.

ಬೆಲ್ಲದ ಮಟ್ಟಿಗೆ ದೊಡ್ಡ ರಂಧ್ರ ಇರುವುದು ಆಲೆಮನೆಯಲ್ಲಿ. ಕಬ್ಬು ಸಾವಯವವೇ ಇರಲಿ. ಹಿಂದಿನ ಸರದಿಯ ಮಾಮೂಲಿ ಕಬ್ಬಿನ ಹಾಲು ಉಳಿದ ಕೊಪ್ಪರಿಗೆಗೇ ಅದರ ಹಾಲು ಬಿದ್ದರೆ ಮುಗಿಯಿತು. ಸಾವಯವದಲ್ಲಿ ಹಾಲಿಗೆ ಸುಣ್ಣ ಹಾಕಬಹುದು. ಜಜ್ಜಿದ ಬೆಂಡೆ ಗಿಡವನ್ನು ನೀರಲ್ಲಿ ಕಿವುಚಿ ಬಂದ ಲೋಳೆ ಹಾಕಬಹುದು. ಹಾಲು ಕಾಯುತ್ತಿದ್ದಂತೆ ಲೋಳೆ ಕಸವನ್ನು ಹಿಡಿದು ಮೇಲೆ ತೇಲುತ್ತದೆ. ಕುದಿ ಜೋರಾಗುವ ಮೊದಲೇ ಮಡ್ಡಿ ತೆಗೆಯದಿದ್ದರೆ ಅದು ಮತ್ತೆ ಪಾಕದೊಳಗೆ ಕಲಸಿಹೋಗಿ ಬೆಲ್ಲ ಕಪ್ಪಾಗುತ್ತದೆ. ಈ ಶ್ರಮ ತಪ್ಪಿಸಲು ಪಾಕಕ್ಕೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕುವುದುಂಟು. ಬಣ್ಣ ಹಳದಿಯಾಗುತ್ತದೆ, ದರವೂ ಏರುತ್ತದೆ. ಇಟ್ಟಂತೆ ಬಣ್ಣ ಮತ್ತೆ ಕಂದುತ್ತದೆ. ಕೀಟನಾಶಕಗಳ ಪರೀಕ್ಷೆ ಎಷ್ಟು ನೂರು ರಾಸಾಯನಿಕ ಹುಡುಕಿದರೂ ಹೈಡ್ರೋಸ್ ಅದರಲ್ಲಿ ಕಾಣದು. ಅದು ಬಿಟ್ಟುಹೋಗುವ ಗಂಧಕದ ಡೈಆಕ್ಸೈಡಿನ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು.

ಸಂತೆಯಲ್ಲೋ ತೋಟದಲ್ಲೋ ನೇರವಾಗಿ ಮಾರುವ, ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನೊಳಗಿನ ಬೆಳೆಗಾರನಿಗೆ ಪ್ರಮಾಣಪತ್ರ ಬೇಕಿಲ್ಲ, ಅವನು ‘ಜೈವಿಕ್ ಭಾರತ್’ ಗುರುತು ಹಾಕುವಂತೆಯೂ ಇಲ್ಲ. ಅಲ್ಲಿ ಗುರುತಿಲ್ಲದ್ದು ದೋಷವಲ್ಲ.

ಸಗಟಾಗಿ ಕೊಳ್ಳುವವರು ಎನ್‌ಪಿಒಪಿ ಮಾಲಿಗೆ ಎರಡು ಕಾಗದ ಕೇಳಲಿ. ‘ಸ್ಕೋಪ್’ ಪ್ರಮಾಣಪತ್ರ ಯಾವ ಬೆಳೆ, ಎಷ್ಟು ಜಮೀನು ಎನ್ನುತ್ತದೆ. ‘ಟ್ರಾನ್ಸಾಕ್ಷನ್’ ಪ್ರಮಾಣಪತ್ರ ಈ ಮಾಲು, ಇಷ್ಟು ಕಿಲೋ ಎನ್ನುತ್ತದೆ. ಸ್ಕೋಪಿನಲ್ಲಿ ಕಬ್ಬು ಮಾತ್ರ ಇದ್ದು ಬೆಲ್ಲ ತಯಾರಿಕೆ ಇಲ್ಲದಿದ್ದರೆ, ಆಲೆಮನೆಯನ್ನು ಯಾರೂ ನೋಡಿಲ್ಲ ಎಂದರ್ಥ.