ಮೊದಲು ಮನುಷ್ಯರಿಗೆ ಜಾಗ, ಆಮೇಲೆ ಹಳಿಗೆ

ನೆಲಮಾಳಿಗೆಯಲ್ಲಿ ಮಾದರಿ ರೈಲಿನ ಲೇಔಟ್, ಅಂದರೆ ಪುಟ್ಟ ರೈಲು ಓಡುವ ಹಳಿ, ಊರು, ಗುಡ್ಡಗಳ ಹಲಗೆ, ಕಟ್ಟಬೇಕು ಅಂತ ಬರುವವರು ಹೆಚ್ಚಾಗಿ ಕೈಯಲ್ಲಿ ಒಂದು ನಕ್ಷೆ ಹಿಡಿದೇ ಬರುತ್ತಾರೆ. ಅದರಲ್ಲಿ ಸುರಂಗ ಇರುತ್ತದೆ, ಎರಡು ಮೂರು ಸೇತುವೆ ಇರುತ್ತವೆ, ದೊಡ್ಡದೊಂದು ಯಾರ್ಡ್ ಇರುತ್ತದೆ. ಗೋಡೆಯಿಂದ ಗೋಡೆಗೆ ಎಲ್ಲೂ ಖಾಲಿ ಬಿಟ್ಟಿರುವುದಿಲ್ಲ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ಎಲ್ಲಿ ನಿಲ್ಲುತ್ತೀರಿ? ಬಹಳಷ್ಟು ನಕ್ಷೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಮನೆಗಳಲ್ಲಿ ಇಂಥ ಲೇಔಟ್ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಅರ್ಧಕ್ಕೆ ನಿಂತುಹೋದ ಲೇಔಟ್‌ಗಳನ್ನೂ ಸಾಕಷ್ಟು ನೋಡಿದ್ದೇನೆ. ಹಳಿ ಕಡಿಮೆ ಬಿತ್ತು ಅಂತ ನಿಂತದ್ದನ್ನು ಇದುವರೆಗೂ ಕಂಡಿಲ್ಲ. ಮೂಲೆಗೆ ಕೈ ಎಟುಕಲಿಲ್ಲ, ಬಗ್ಗಿ ಬಗ್ಗಿ ಸೊಂಟ ನೋವು ಬಂತು, ಗೋಡೆ ಒದ್ದೆಯಾಗಿ ಮರ ಸೊಟ್ಟಗಾಯಿತು. ಕಾರಣಗಳು ಇಂಥವೇ. ಅದಕ್ಕೇ ನಾನು ಕಾಗದದ ಮೇಲೆ ಮೊದಲು ಎಳೆಯುವುದು ಜನ ಓಡಾಡುವ ದಾರಿಯನ್ನು. ಅದು ಬಿಟ್ಟು ಉಳಿದ ಜಾಗ ರೈಲಿಗೆ.

ಅದಕ್ಕೂ ಮುಂಚೆ ನೆಲಮಾಳಿಗೆಯನ್ನೇ ಸರಿಯಾಗಿ ನೋಡಬೇಕು. ನೆಲದ ಮೇಲೆ ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆ ಹಾಸಿ. ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ಎತ್ತಿ ನೋಡಿ. ಹಾಳೆಯ ಅಡಿಯಲ್ಲಿ ನೀರ ಹನಿ ಇದ್ದರೆ ಕಾಂಕ್ರೀಟಿನ ಒಳಗಿಂದ ತೇವ ಮೇಲೆ ಬರುತ್ತಿದೆ ಎಂದರ್ಥ. ಹಾಳೆಯ ಮೇಲ್ಭಾಗದಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ ಇದೆ, ತಣ್ಣಗಿನ ನೆಲ ತಾಗಿ ನೀರಾಗುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಹೊರಗಿನ ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಮಾಡಬೇಕು, ನೆಲ ಗೋಡೆಗಳಿಗೆ ತೇವ ತಡೆಯುವ ಲೇಪ ಕೊಡಬೇಕು. ಎರಡನೆಯದಕ್ಕೆ ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯುಮಿಡಿಫೈಯರ್, ಸಾಕು. ಗಾಳಿಯ ತೇವಾಂಶ ವರ್ಷವಿಡೀ ಶೇ. 50ರ ಆಸುಪಾಸು ನಿಂತರೆ ನನಗೆ ನೆಮ್ಮದಿ.

ತೇವದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಳಿಯನ್ನು ತಾಮ್ರ, ನಿಕಲ್, ಸತು ಬೆರೆಸಿದ ನಿಕಲ್ ಸಿಲ್ವರ್‌ನಲ್ಲಿ ಮಾಡಿರುತ್ತಾರೆ, ಅದಕ್ಕೆ ತೇವದಿಂದ ಉದ್ದ ಬದಲಾಗುವುದಿಲ್ಲ. ಅಡಿಯ ಮರ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮರ ಕುಗ್ಗಿದಾಗ ಹಳಿಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಇನ್ನೂ ಕುಗ್ಗಿದರೆ ಹಳಿಗೆ ಹೋಗಲು ಜಾಗವಿಲ್ಲದೆ ಪಕ್ಕಕ್ಕೆ ಬಾಗುತ್ತದೆ. ಅಲ್ಲಿ ರೈಲು ದಿನಾ ಬೀಳುತ್ತದೆ, ಮನೆಯವರು ಬೋಗಿಯ ಚಕ್ರವನ್ನು ಬೈಯುತ್ತಿರುತ್ತಾರೆ.

ಮನೆಗೆ ಬೇಕಾದ ವಸ್ತುಗಳಿಗೂ ದಾರಿ ಇರಲಿ. ವಿದ್ಯುತ್ ಮೀಟರ್, ಫ್ಯೂಸ್ ಪೆಟ್ಟಿಗೆ, ನೀರು ಕಾಯಿಸುವ ಯಂತ್ರ, ಸಂಪ್ ಪಂಪ್, ಕೊಳವೆಗಳ ವಾಲ್ವ್, ಇವೆಲ್ಲ ಸಾಮಾನ್ಯವಾಗಿ ಇರುವುದು ಇಲ್ಲೇ. ಪ್ರತಿಯೊಂದರ ಮುಂದೆ ಒಂದು ಮೀಟರ್ ಖಾಲಿ ಬಿಡಿ. ಹಳೆಯ ಯಂತ್ರ ಕೆಟ್ಟು ಹೊಸದು ತರುವ ದಿನ ಬಂದೇ ಬರುತ್ತದೆ. ಅದು ಮೆಟ್ಟಿಲಿಂದ ತನ್ನ ಜಾಗಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಈಗಲೇ ಅಳೆದು ಬರೆದಿಡಿ. ಸೂರು, ಗೋಡೆಗೆ ಬಣ್ಣ, ದೀಪ, ಪ್ಲಗ್ ಪಾಯಿಂಟ್, ಇಷ್ಟೂ ಮರದ ಕೆಲಸಕ್ಕೆ ಮುಂಚೆ ಮುಗಿಯಬೇಕು. ಗುಡ್ಡ, ಮರ, ಮನೆ ಎಲ್ಲ ಮಾಡಿದ ಮೇಲೆ ಅದರ ಮೇಲೆ ಏಣಿ ಚಾಚಿಕೊಂಡು ದೀಪ ಹಾಕುವುದು ಆಗದ ಮಾತು.

ಈಗ ದಾರಿ. ಒಬ್ಬರು ನಿಂತು ಕೆಲಸ ಮಾಡಲು 60 ಸೆಂ.ಮೀ. ಸಾಕು, ಆದರೆ ಇಕ್ಕಟ್ಟು. ಇಬ್ಬರು ಒಬ್ಬರನ್ನೊಬ್ಬರು ದಾಟಿ ಹೋಗಬೇಕೆಂದರೆ 90 ಸೆಂ.ಮೀ. ಬೇಕು. ಗೆಳೆಯರನ್ನು ಕರೆದು ನಾಲ್ಕೈದು ರೈಲು ಒಟ್ಟಿಗೆ ಓಡಿಸುವ ಆಸೆ ಇದ್ದವರು ಇದರಲ್ಲಿ ಜಿಪುಣತನ ಮಾಡಬಾರದು. ಯಾರ್ಡಿನ ಮುಂದೆ ಯಾರಾದರೂ ಒಬ್ಬರು ಯಾವಾಗಲೂ ನಿಂತಿರುತ್ತಾರೆ, ಅಲ್ಲಿ ಇನ್ನೂ ಅಗಲ ಮಾಡಿ. ಹಲಗೆಯ ಅಡಿ ಬಗ್ಗಿ ನುಸುಳಿ ಒಳಗೆ ಹೋಗುವ ವ್ಯವಸ್ಥೆಯನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ. ಇವತ್ತು ಬಗ್ಗಲು ಆಗುತ್ತದೆ, ಇಪ್ಪತ್ತು ವರ್ಷ ಕಳೆದ ಮೇಲೆ ಆಗಬೇಕಲ್ಲ! ಬಾಗಿಲ ಬಳಿ ಹಳಿ ದಾಟಲೇಬೇಕಾದರೆ ಗೇಟಿನಂತೆ ತೆರೆಯುವ ತುಂಡು ಮಾಡಿ. ಗೇಟ್ ತೆರೆದಾಗ ಎರಡೂ ಬದಿ ಅರ್ಧ ಮೀಟರ್‌ಗಿಂತ ಹೆಚ್ಚು ಹಳಿಯಲ್ಲಿ ಕರೆಂಟ್ ತಾನಾಗಿ ನಿಲ್ಲುವ ಹಾಗೆ ಸ್ವಿಚ್ ಇಡಿ. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಎಂಜಿನ್ ನೆಲಕ್ಕೆ ಬೀಳುತ್ತದೆ.

ಕೈ ಎಟುಕುವ ದೂರವನ್ನು ಲೆಕ್ಕದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಒಂದು ಪರೀಕ್ಷೆ ಮಾಡಿಸುತ್ತೇನೆ. ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಲೇಔಟ್ ಇರಬೇಕಾದ ಎತ್ತರಕ್ಕೆ ತನ್ನಿ. ಮೇಲೊಂದು ಹಲಗೆ. ಅಂಚಿನಿಂದ 75 ಸೆಂ.ಮೀ. ದೂರದಲ್ಲಿ ಒಂದು ತುಂಡು ಹಳಿ. ಅದರ ಮುಂದೆ ಮನೆ, ಮರದ ಬದಲು ಹತ್ತಿಪ್ಪತ್ತು ಬೆಂಕಿಪೊಟ್ಟಣ ನಿಲ್ಲಿಸಿ. ಈಗ ಬಿದ್ದ ಬೋಗಿಯೊಂದನ್ನು ಎತ್ತಿ ಹಳಿಗೆ ಕೂರಿಸಿ ನೋಡಿ. ಕೈ ಹೋಗುತ್ತದೆ, ಬೋಗಿ ಸಿಗುತ್ತದೆ. ಆದರೆ ಎಂಟು ಚಕ್ರವೂ ಹಳಿಯ ಮೇಲೆ ಕೂತಿದೆಯಾ ಎಂದು ಕಣ್ಣಿಗೆ ಕಾಣಬೇಕು, ಅದಕ್ಕೆ ಮುಂದಕ್ಕೆ ವಾಲಲೇಬೇಕು. ಅಷ್ಟರಲ್ಲಿ ಅಂಗಿಯ ತೋಳು ತಾಗಿ ಅರ್ಧ ಊರು ಉರುಳಿರುತ್ತದೆ. ಆಮೇಲೆ ಹಳಿಯನ್ನು 55 ಸೆಂ.ಮೀ.ಗೆ ಎಳೆದು ಮತ್ತೆ ಮಾಡಿ. ಒಂದು ಪೊಟ್ಟಣವೂ ಅಲುಗುವುದಿಲ್ಲ. ಎತ್ತರ ಜಾಸ್ತಿಯಾದಷ್ಟೂ ಈ ದೂರ ಕಡಿಮೆಯಾಗುತ್ತದೆ. ನೆಲದಿಂದ 100 ಸೆಂ.ಮೀ. ಎತ್ತರದ ಹಲಗೆಯಲ್ಲಿ 70ರವರೆಗೆ ನಡೆದೀತು. 130ಕ್ಕೆ ಏರಿಸಿದರೆ ರೈಲು ಕಣ್ಣ ಮಟ್ಟಕ್ಕೆ ಹತ್ತಿರ ಬಂದು ತುಂಬ ಚೆನ್ನಾಗಿ ಕಾಣುತ್ತದೆ, ಆದರೆ ಹಲಗೆಯ ಅಗಲ 50 ಮೀರಬಾರದು.

ಹಾಗಾದರೆ ನಡುವೆ ಮೇಜು ಹಾಕುವುದೋ, ಗೋಡೆಗುಂಟ ಹಲಗೆ ಕಟ್ಟುವುದೋ? ಇದು ಲೆಕ್ಕ ಹಾಕಿ ನೋಡಬೇಕಾದ ವಿಷಯ. ಲೆಕ್ಕಕ್ಕೆ ಎಚ್‌ಒ ಅಳತೆ ಹಿಡಿಯೋಣ. ಅಸಲಿ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿ.ಮೀ. ಒಂದು ಇಡೀ ಪ್ಲೈವುಡ್ ಹಾಳೆ, ಅಂದರೆ ಸುಮಾರು 120 × 240 ಸೆಂ.ಮೀ., ಕೋಣೆಯ ನಡುವೆ ಇಟ್ಟಿರಿ ಅಂದುಕೊಳ್ಳಿ. ಸುತ್ತ ಓಡಾಡಲು 75 ಸೆಂ.ಮೀ. ಬಿಟ್ಟರೆ ಅದು ನುಂಗುವ ಜಾಗ 2.7 × 3.9 ಮೀಟರ್. ಆ ಹಾಳೆಯ ಮೇಲೆ ತಿರುವಿನ ತ್ರಿಜ್ಯ 55 ಸೆಂ.ಮೀ. ದಾಟುವುದಿಲ್ಲ. ರೈಲು ಒಂದು ಸುತ್ತಿಗೆ ಓಡುವುದು ಹತ್ತಿರ ಹತ್ತಿರ 6 ಮೀಟರ್. ಅದೇ 2.7 × 3.9 ಮೀಟರ್ ಕೋಣೆಯಲ್ಲಿ ಗೋಡೆಯಿಂದ 10 ಸೆಂ.ಮೀ. ಬಿಟ್ಟು ಸುತ್ತಲೂ ಹಳಿ ಹಾಕಿ. ಮೂಲೆಯ ತಿರುವಿಗೆ 90 ಸೆಂ.ಮೀ. ತ್ರಿಜ್ಯ ಸಿಗುತ್ತದೆ. ಒಂದು ಸುತ್ತು 11 ಮೀಟರ್‌ಗೆ ಹತ್ತಿರ. ನೀವು ನಿಲ್ಲುವುದು ನಡುವಿನಲ್ಲಿ, ಯಾವ ಹಳಿಯೂ ಕೈಗೆ ದೂರವಿಲ್ಲ. ಜಾಗ ಒಂದೇ, ಆದರೆ ಓಟ ದುಪ್ಪಟ್ಟು ಅಂತಲೇ ಹೇಳಬಹುದು. ನನ್ನ ಒಲವು ಯಾವ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ತಿರುವಿನ ತ್ರಿಜ್ಯವನ್ನು ಸುಮ್ನೆ ಜಾಗ ಇದ್ದಷ್ಟು ಅಂತ ಬಿಡಬೇಡಿ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಅಳೆಯಿರಿ. ಅದರ ಮೂರು ಪಟ್ಟು ತ್ರಿಜ್ಯ ಇದ್ದರೆ ರೈಲು ನೆಚ್ಚಿಕೊಳ್ಳುವ ಹಾಗೆ ಓಡುತ್ತದೆ. ಎರಡು ಪಟ್ಟಿಗೆ ಇಳಿದರೆ ಕೆಲವು ಓಡುತ್ತವೆ, ಕೆಲವು ಹಟ ಹಿಡಿಯುತ್ತವೆ, ನೋಡಲಂತೂ ಚೆನ್ನಾಗಿರುವುದಿಲ್ಲ. 26 ಮೀಟರ್ ಉದ್ದದ ಪ್ರಯಾಣಿಕರ ಬೋಗಿ ಎಚ್‌ಒ ಅಳತೆಯಲ್ಲಿ 30 ಸೆಂ.ಮೀ. ಆಗುತ್ತದೆ, ಹಾಗಾಗಿ ಅದಕ್ಕೆ 90 ಬೇಕು. ಅಷ್ಟು ಜಾಗವಿಲ್ಲದವರಿಗೆ ಎರಡು ದಾರಿ. ಒಂದು, ಚಿಕ್ಕ ಗೂಡ್ಸ್ ಬೋಗಿಗಳ ಕವಲು ಮಾರ್ಗ ಆರಿಸಿಕೊಳ್ಳುವುದು. ಇನ್ನೊಂದು, 160ನೇ ಒಂದು ಭಾಗದ ಎನ್ ಅಳತೆಗೆ ಹೋಗುವುದು. ಅಲ್ಲಿ ಅದೇ ಬೋಗಿ 16 ಸೆಂ.ಮೀ., ತ್ರಿಜ್ಯ ಅರ್ಧ ಮೀಟರ್ ಇದ್ದರೆ ಸಾಕು. ಕಣ್ಣು, ಬೆರಳು ಆ ಚಿಕ್ಕ ಅಳತೆಗೆ ಒಗ್ಗುತ್ತವೆಯೇ ಎಂದು ಮಾತ್ರ ಮೊದಲೇ ಕೈಯಲ್ಲಿ ಹಿಡಿದು ನೋಡಿ.

ಅಮೆರಿಕದ ಲೇಔಟ್ ವಿನ್ಯಾಸಕಾರ ಜಾನ್ ಆರ್ಮ್‌ಸ್ಟ್ರಾಂಗ್ ಈ ಹವ್ಯಾಸಕ್ಕೆ ಕೊಟ್ಟ ಒಂದು ಉಪಾಯವನ್ನು ನಾನು ಪ್ರತಿ ನಕ್ಷೆಯಲ್ಲೂ ಬಳಸುತ್ತೇನೆ. ತ್ರಿಜ್ಯಕ್ಕೆ ಪಕ್ಕಪಕ್ಕದ ಎರಡು ರೈಲು ಮಾರ್ಗಗಳ ನಡುವಿನ ಅಂತರದ (ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ) ಎರಡರಷ್ಟನ್ನು ಕೂಡಿ. ಅಷ್ಟು ಉದ್ದದ ಚೌಕಗಳಾಗಿ ಕೋಣೆಯನ್ನು ಭಾಗ ಮಾಡಿ. ಎಚ್‌ಒನಲ್ಲಿ ತ್ರಿಜ್ಯ 75, ಅಂತರ 5 ಆದರೆ ಚೌಕದ ಬದಿ 85 ಸೆಂ.ಮೀ. ಹಳಿ ಪೂರ್ತಿ ತಿರುಗಿ ಬಂದ ದಿಕ್ಕಿಗೇ ಮರಳಬೇಕಾದರೆ ಎರಡು ಚೌಕದಷ್ಟು ಅಗಲ ಬೇಕು. 4 × 6 ಮೀಟರ್ ಕೋಣೆಯಲ್ಲಿ ಇಂಥ ಚೌಕ ಅಗಲಕ್ಕೆ ಐದೂ ತುಂಬುವುದಿಲ್ಲ, ಉದ್ದಕ್ಕೆ ಏಳು. ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಎಂದು ಒಂದೇ ಒಂದು ಹಳಿ ಎಳೆಯುವ ಮುಂಚೆ ತಿಳಿದುಬಿಡುತ್ತದೆ.

ಮುಂದಿನದು ರೈಲಿನ ಉದ್ದ. ನಿಲ್ದಾಣದ ಲೂಪ್ ಲೈನ್ ಎಷ್ಟುದ್ದವೋ ರೈಲೂ ಅಷ್ಟೇ ಉದ್ದ. ಒಂದೇ ಹಳಿಯ ಮಾರ್ಗದಲ್ಲಿ ಎದುರಿಂದ ಬರುವ ರೈಲಿಗೆ ದಾರಿ ಬಿಡಲು ಅದರೊಳಗೆ ಪೂರ್ತಿ ಸೇರಬೇಕು. 15 ಸೆಂ.ಮೀ.ನ ಹತ್ತು ಗೂಡ್ಸ್ ಬೋಗಿ, ಒಂದು ಎಂಜಿನ್, ಒಂದು ಗಾರ್ಡ್ ಬೋಗಿ ಸೇರಿದರೆ 185ರ ಹತ್ತಿರ ಬರುತ್ತದೆ. ನಿಲ್ಲಲು 2 ಮೀಟರ್ ಬಿಡೋಣ. ಎರಡೂ ತುದಿಯ ಪಾಯಿಂಟ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಮತ್ತು ಅಲ್ಲಿಂದ ಹಳಿ ಪಕ್ಕಕ್ಕೆ ಸರಿಯುವ ಜಾಗ ಸೇರಿಸಿದರೆ 3 ಮೀಟರ್ ಆಯಿತು. 6 ಮೀಟರ್ ಗೋಡೆಯಲ್ಲಿ ಅರ್ಧ ಒಂದು ನಿಲ್ದಾಣಕ್ಕೇ ಹೋಯಿತು! ಉಳಿದರ್ಧದಲ್ಲಿ ಇನ್ನೊಂದು ನಿಲ್ದಾಣ ತುರುಕಬೇಡಿ. ರೈಲಿನ ಬಾಲ ಒಂದೂರು ಬಿಡುವ ಮುಂಚೆ ತಲೆ ಮುಂದಿನ ಊರು ಸೇರಿದರೆ ಪ್ರಯಾಣ ಮಾಡಿದ ಹಾಗೆ ಅನಿಸುವುದೇ ಇಲ್ಲ. ಬಯಲು ಬೇಕು. ಬರೀ ಹಳಿ, ಹುಲ್ಲು, ಆಕಾಶ ಇರುವ ಎರಡು ಮೂರು ಮೀಟರ್. ನಕ್ಷೆಯಲ್ಲಿ ಅದು ದಂಡವಾಗಿ ಕಾಣುತ್ತದೆ. ರೈಲು ಓಡುವಾಗ ಜನ ನಿಂತು ನೋಡುವುದು ಮಾತ್ರ ಅಲ್ಲೇ.

ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಬೇಕು ಎಂಬುದು ಎಲ್ಲರ ಆಸೆ. ರೈಲಿನ ಎತ್ತರ, ಸೇತುವೆಯ ದಪ್ಪ ಸೇರಿ ಎಚ್‌ಒನಲ್ಲಿ ಸುಮಾರು 10 ಸೆಂ.ಮೀ. ಏರಬೇಕು. ನೂರಕ್ಕೆ ಎರಡರ ಏರಿನಲ್ಲಿ ಅದಕ್ಕೆ 5 ಮೀಟರ್ ಹಳಿ ಬೇಕು. ಏರು ಶುರುವಾಗುವ, ಮುಗಿಯುವ ಕಡೆ ನಿಧಾನಕ್ಕೆ ಬಾಗಿಸಲು ಇನ್ನಷ್ಟು. ಅಷ್ಟಿಲ್ಲದಿದ್ದರೆ ಒಂದು ಹಳಿ 5 ಸೆಂ.ಮೀ. ಏರಲಿ, ಇನ್ನೊಂದು 5 ಇಳಿಯಲಿ. ಆಗ ಎರಡಕ್ಕೂ ಅರ್ಧರ್ಧ ದೂರದಲ್ಲಿ ಕೆಲಸ ಮುಗಿಯುತ್ತದೆ. ತಿರುವಿನಲ್ಲಿ ಏರು ಬೇಡ, ತಪ್ಪಿಸಲು ಆಗದಿದ್ದರೆ ಕಡಿಮೆ ಮಾಡಿ. ತಿರುವೇ ಎಂಜಿನ್ನಿಗೆ ಒಂದು ಹೊರೆ.

ಎರಡು ಅಂತಸ್ತು ಮಾಡಿ ಸುರುಳಿ ಹಳಿಯಲ್ಲಿ ಮೇಲೇರಿಸುವ ಯೋಚನೆ ಇದ್ದವರಿಗೆ ಒಂದೇ ಲೆಕ್ಕ ಕೊಡುತ್ತೇನೆ. ಅದೇ ನೂರಕ್ಕೆ ಎರಡರ ಏರಿನಲ್ಲಿ 75 ಸೆಂ.ಮೀ. ತ್ರಿಜ್ಯದ ಸುರುಳಿ ಒಂದು ಸುತ್ತಿಗೆ 9.4 ಸೆಂ.ಮೀ. ಏರುತ್ತದೆ. 40 ಸೆಂ.ಮೀ. ಏರಲು ನಾಲ್ಕಕ್ಕೂ ಹೆಚ್ಚು ಸುತ್ತು, 20 ಮೀಟರ್ ಹಳಿ. ಗಂಟೆಗೆ 50 ಕಿ.ಮೀ. ವೇಗವನ್ನು ಅಳತೆಗೆ ಇಳಿಸಿ ಓಡಿಸಿದರೆ ರೈಲು ಎರಡು ನಿಮಿಷ ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ಕೋಣೆಯ ಒಂದು ಮೂಲೆ ಪೂರ್ತಿ ಹೋಯಿತು. ಮೊದಲ ಲೇಔಟಿಗೆ ಇದು ಬೇಡವೇ ಬೇಡ.

ಹಳಿ ತಿರುಗಿ ತನ್ನನ್ನೇ ಸೇರುವ ಕಡೆ ವಿದ್ಯುತ್ತಿನ ತೊಂದರೆ ಇದೆ. ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ನಕ್ಷೆಯಲ್ಲೇ ಒಂದು ಹಳಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಪೆನ್ಸಿಲ್ ಹಿಡಿದು ಕೊನೆವರೆಗೂ ಹೋಗಿ. ಕೆಂಪು ನೀಲಿಗೆ ಸಿಕ್ಕ ಕಡೆ ಎರಡೂ ಹಳಿ ಕತ್ತರಿಸಿ ಬೇರೆ ಭಾಗ ಮಾಡಬೇಕು. ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಲಿ, ಅದಕ್ಕೆ ಕರೆಂಟಿನ ದಿಕ್ಕು ಬದಲಿಸುವ ಸಾಧನ ಜೋಡಿಸಿ. ವೈರಿನಲ್ಲೂ ಉಳಿತಾಯ ಬೇಡ. ಲೇಔಟಿನ ಅಡಿಯಲ್ಲಿ ದಪ್ಪನೆಯ ಎರಡು ಮುಖ್ಯ ತಂತಿ ಎಳೆದು ಪ್ರತಿ ತುಂಡು ಹಳಿಗೂ ಅಲ್ಲಿಂದ ಸಂಪರ್ಕ ಕೊಡಿ. ಹಳಿ ಜೋಡಿಸುವ ತಗಡನ್ನು ನಂಬಿದರೆ ಕೆಲವು ವರ್ಷಕ್ಕೆ ಸಡಿಲವಾಗಿ ರೈಲು ಎಲ್ಲೆಲ್ಲೋ ನಿಲ್ಲುತ್ತದೆ. ಡಿಸಿಸಿ, ಅಂದರೆ ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ, ಬಳಸುವವರು ಪ್ರತಿ ಭಾಗದಲ್ಲೂ ಒಂದು ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಇಟ್ಟು ನೋಡಿ. ಕರೆಂಟ್ ತಕ್ಷಣ ಕಡಿಯಬೇಕು. ಕಡಿಯದಿದ್ದರೆ ಅಲ್ಲಿ ತಂತಿ ಸಾಲದು. ಕೂಡಲೇ ನಾಣ್ಯ ತೆಗೆದು ಸಂಪರ್ಕ ಹೆಚ್ಚಿಸಿ.

ನಕ್ಷೆ ಒಪ್ಪಿಗೆಯಾದ ಮೇಲೆ ಅದನ್ನು ಬಣ್ಣದ ಟೇಪಿನಲ್ಲಿ ನೆಲದ ಮೇಲೆ ಪೂರ್ತಿ ಅಳತೆಗೆ ಎಳೆಯಿರಿ. ಇಬ್ಬರು ಮೂವರನ್ನು ಕರೆದು ಆ ದಾರಿಗಳಲ್ಲಿ ಓಡಾಡಿಸಿ. ಬಟ್ಟೆಯ ಬುಟ್ಟಿ ಹಿಡಿದವರು ಸಲೀಸಾಗಿ ದಾಟುತ್ತಾರಾ ನೋಡಿ. ಒಂದೆರಡು ವಾರ ಹಾಗೇ ಬಿಟ್ಟರೆ ಮನೆಯವರೇ ತಿದ್ದುಪಡಿ ಹೇಳುತ್ತಾರೆ. ಆಮೇಲೆ ಮರಕ್ಕೆ ಕೈ ಹಾಕಿ. ಮೊದಲು ಕಟ್ಟಬೇಕಾದದ್ದು ರೈಲುಗಳು ಸರದಿ ಕಾಯುವ ಮರೆಯ ಯಾರ್ಡ್, ಯಾಕೆಂದರೆ ಮೇಲೆ ಇನ್ನೊಂದು ಹಲಗೆ ಬಂದ ಮೇಲೆ ಅಲ್ಲಿ ರಿಪೇರಿ ಕಷ್ಟ. ಮೇಲಿನ ಹಲಗೆಗೂ ಅದಕ್ಕೂ ನಡುವೆ 25 ಸೆಂ.ಮೀ. ಆದರೂ ಇರಲಿ. ನಿಮ್ಮ ಅತಿ ಉದ್ದದ ರೈಲನ್ನು ಅಲ್ಲಿನ ಪ್ರತಿ ಪಾಯಿಂಟ್ ಮೇಲೆ ಮುಂದಕ್ಕೂ ಹಿಂದಕ್ಕೂ ಓಡಿಸಿ. ಹಿಂದಕ್ಕೆ ತಳ್ಳಿದಾಗಲೂ ಒಂದು ಬೋಗಿಯೂ ಬೀಳದೆ ಹೋದರೆ ಮಾತ್ರ ಮೇಲಿನ ಹಲಗೆ ಕೂರಿಸಿ.