ಸೆನ್ಸರ್ ನೋಡ್‌ನ ಬ್ಯಾಟರಿ ಎಲ್ಲಿ ಹೋಗುತ್ತದೆ? ಐಡಲ್ ಲಿಸನಿಂಗ್ ಟಿಪ್ಪಣಿ

ಸೆನ್ಸರ್ ನೆಟ್‌ವರ್ಕ್ ಪರೀಕ್ಷೆಗೆ ಓದುವವರಿಗಾಗಿ ಈ ಟಿಪ್ಪಣಿ. ಸೆನ್ಸರ್ ನೋಡ್ ಅಂದರೆ ಸುತ್ತಲಿನದನ್ನು ಅಳೆದು ರೇಡಿಯೊದಲ್ಲಿ ಕಳಿಸುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಸಾಧನ. ನೋಡ್‌ಗಳನ್ನು ಗುಂಪು ಮಾಡಿ ಡೇಟಾ ಒಟ್ಟುಗೂಡಿಸುವ ಪಾಠಗಳು (ಲೀಚ್, ಕ್ಲಸ್ಟರ್ ಹೆಡ್, ಡೇಟಾ ಅಗ್ರಿಗೇಶನ್) ಒಮ್ಮೆ ಓದಿದರೆ ತಿಳಿಯುತ್ತವೆ, ಬಿಡುತ್ತೇನೆ. ನನ್ನನ್ನು ಬಹಳ ಕಾಡಿದ್ದು ಪ್ರಿಯಾಂಬಲ್‌ನ, ಅಂದರೆ ಪ್ಯಾಕೆಟ್‌ಗೆ ಮುಂಚೆ ‘ಡೇಟಾ ಬರುತ್ತಿದೆ’ ಎಂದು ಎಚ್ಚರಿಸಲು ಕಳಿಸುವ ಸಿಗ್ನಲ್‌ನ, ಉದ್ದ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ.

ಟೆಲೋಸ್‌ಬಿ ನೋಡ್‌ನಲ್ಲಿರುವ ಸಿಸಿ2420 ರೇಡಿಯೊದ ಡೇಟಾಶೀಟ್ ನೋಡಿ. ಪೂರ್ತಿ ಪವರ್‌ನಲ್ಲಿ ಕಳಿಸುವಾಗ 17.4 ಮಿಲಿಆಂಪ್, ಸ್ವೀಕರಿಸುವಾಗ 18.8. ಕಳಿಸುವುದಕ್ಕಿಂತ ಕೇಳುವುದಕ್ಕೇ ಹೆಚ್ಚು! ಯಾರೂ ಏನೂ ಕಳಿಸದಿದ್ದರೂ ರಿಸೀವರ್ ಆನ್ ಇದ್ದಷ್ಟು ಹೊತ್ತೂ ಕರೆಂಟ್ ಎಳೆಯುತ್ತಲೇ ಇರುತ್ತದೆ. ಐಡಲ್ ಲಿಸನಿಂಗ್ ಅಂದರೆ ಇದೇ.

ಎರಡು ಎಎ ಸೆಲ್, ತಲಾ 2500 ಎಂಎಎಚ್ (ಮಿಲಿಆಂಪ್-ಗಂಟೆ) ಅಂತಿಟ್ಟುಕೊಳ್ಳಿ. ಸೀರೀಸ್‌ನಲ್ಲಿ ವೋಲ್ಟೇಜ್ ಮಾತ್ರ ಕೂಡುತ್ತದೆ, ಕೆಪಾಸಿಟಿ 2500 ಆಗಿಯೇ ಉಳಿಯುತ್ತದೆ. 5000 ಅಂತ ಬರೆಯಬೇಡಿ. 2500 ÷ 18.8 = ಸುಮಾರು 133 ಗಂಟೆ, ಐದೂವರೆ ದಿನ. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಸ್ಟಾರ್ಮ್ ಪೆಟ್ರೆಲ್ ಹಕ್ಕಿಗಳ ಬಿಲದೊಳಗೆ ನೋಡ್ ಇಟ್ಟದ್ದೇ ಜನ ಹೋಗಿ ಹಕ್ಕಿಗಳನ್ನು ಕದಡಬಾರದೆಂದು. ಅಂಥ ಕಡೆ ವಾರವಾರ ಸೆಲ್ ಬದಲಿಸಲು ಆಗುತ್ತದೆಯೇ?

ರೇಡಿಯೊ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಆನ್ ಇರಲಿ: 0.188 ಮಿಲಿಆಂಪ್, ಜೊತೆಗೆ ಸ್ಲೀಪ್ ಕರೆಂಟ್ (ರೇಡಿಯೊ ಆಫ್ ಮಾಡಿ ನೋಡ್ ಮಲಗಿದಾಗಿನದು) 0.005 ಅಂತ ಹಿಡಿಯಿರಿ. ಸುಮಾರು 540 ದಿನ ಬರುತ್ತದೆ (ಸೆಲ್ ತಾನಾಗಿ ಇಳಿಯುವುದನ್ನೂ ಪ್ರೊಸೆಸರ್ ಖರ್ಚನ್ನೂ ಸೇರಿಸಿಲ್ಲ).

ಗಂಟು ಇರುವುದು ಇಲ್ಲಿ. ಮಲಗಿರುವ ನೋಡ್‌ಗೆ ಪ್ಯಾಕೆಟ್ ಮುಟ್ಟಿಸುವುದು ಹೇಗೆ? 2004ರ ಬಿ-ಮ್ಯಾಕ್ ಎಂಬ ಪ್ರೋಟೊಕಾಲ್‌ನ (ರೇಡಿಯೊ ಯಾವಾಗ ಕೇಳಬೇಕು, ಯಾವಾಗ ಕಳಿಸಬೇಕು ಅನ್ನುವ ನಿಯಮಗಳ) ಉಪಾಯ ಇದು: ರಿಸೀವರ್ ಆಗಾಗ ಎದ್ದು ಚಾನೆಲ್‌ನಲ್ಲಿ ಸಿಗ್ನಲ್ ಇದೆಯೇ ನೋಡುತ್ತದೆ, ಇಲ್ಲದಿದ್ದರೆ ಮಲಗುತ್ತದೆ. 100 ಮಿಲಿಸೆಕೆಂಡಿಗೊಮ್ಮೆ ಏಳುತ್ತದೆ ಅನ್ನೋಣ. ಯಾವ ಕ್ಷಣಕ್ಕೆ ಏಳುತ್ತದೆ ಅನ್ನುವುದು ಕಳಿಸುವ ನೋಡ್‌ಗೆ ಗೊತ್ತಿಲ್ಲ. ಹಾಗಾಗಿ ಪ್ಯಾಕೆಟ್‌ನ ಮುಂದೆ ಕನಿಷ್ಠ 100 ಮಿಲಿಸೆಕೆಂಡಿನ ಪ್ರಿಯಾಂಬಲ್ ಬೇಕೇ ಬೇಕು. 60 ಸಾಲದೇ? ಗೆರೆ ಎಳೆದು ನೋಡಿ. ರಿಸೀವರ್ 0ಕ್ಕೆ ಎದ್ದು ಮಲಗಿತು. ಪ್ರಿಯಾಂಬಲ್ 10ಕ್ಕೆ ಶುರುವಾಗಿ 70ಕ್ಕೆ ಮುಗಿಯಿತು, ಹಿಂದೆಯೇ ಡೇಟಾ ಹೋಯಿತು. ರಿಸೀವರ್ ಮತ್ತೆ ಎದ್ದದ್ದು 100ಕ್ಕೆ. ಪ್ರಿಯಾಂಬಲ್ ಅದರ ಕಿವಿಗೆ ಬೀಳಲೇ ಇಲ್ಲ, ಪ್ಯಾಕೆಟ್ ಕೈತಪ್ಪಿತು.

ಸೆಕೆಂಡಿಗೊಮ್ಮೆ ಎದ್ದರೆ ಇನ್ನೂ ಉಳಿತಾಯವಲ್ಲವೇ? ರಿಸೀವರ್‌ಗೆ ಹೌದು. ಆದರೆ ಆಗ ಪ್ರಿಯಾಂಬಲ್ ಕೂಡ ಒಂದು ಸೆಕೆಂಡ್ ಆಗಬೇಕು. 10 ಸೆಕೆಂಡಿಗೊಂದು ಪ್ಯಾಕೆಟ್ ಕಳಿಸುವ ನೋಡ್ ಪ್ರಿಯಾಂಬಲ್‌ಗೇ ಹತ್ತರಲ್ಲೊಂದು ಪಾಲು ಹೊತ್ತು ಆನ್ ಇರುತ್ತದೆ. ನೂರರಲ್ಲೊಂದು ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಗಂಟೆಗೊಂದು ಪ್ಯಾಕೆಟ್ ಆದರೆ 3600ರಲ್ಲಿ ಒಂದೇ ಪಾಲು. ಆದ್ದರಿಂದ ಪರೀಕ್ಷೆಯಲ್ಲಿ ಮೊದಲು ಪ್ಯಾಕೆಟ್ ಎಷ್ಟು ಹೊತ್ತಿಗೊಮ್ಮೆ ಅಂತ ನೋಡಿ, ಆಮೇಲೆ ರಿಸೀವರ್ ಏಳುವ ಇಂಟರ್ವಲ್ ಆರಿಸಿ.

ಅಕ್ಕಪಕ್ಕದ ನೋಡ್‌ಗಳೂ ಆ ಉದ್ದ ಪ್ರಿಯಾಂಬಲ್ ಕೇಳಿಸಿಕೊಂಡು ತಮ್ಮದಲ್ಲದ ಪ್ಯಾಕೆಟ್‌ಗೆ ಕಾಯುತ್ತವೆ. 2006ರ ಎಕ್ಸ್-ಮ್ಯಾಕ್ ಇದನ್ನು ಚೆನ್ನಾಗಿ ಬಿಡಿಸಿತು: ಪ್ರಿಯಾಂಬಲ್ ಅನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಯಾರಿಗೆ ಅನ್ನುವ ವಿಳಾಸ, ನಡುವೆ ಸ್ವಲ್ಪ ಬಿಡುವು. ವಿಳಾಸ ತನ್ನದಾದರೆ ರಿಸೀವರ್ ಆ ಬಿಡುವಿನಲ್ಲೇ ಉತ್ತರ ಕೊಡುತ್ತದೆ, ಡೇಟಾ ಕೂಡಲೇ ಬರುತ್ತದೆ. ಉಳಿದವು ಆಗಲೇ ಮಲಗುತ್ತವೆ.